ದೀಪ ಉಜ್ಜದಿದ್ದರೂ ಬರುವ ಜಿನ್ನು

ಪ್ರಶ್ನೆ: ಹದಿಹರೆಯದವರಿಗಾಗಿ ಕನ್ನಡದಲ್ಲಿ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಬೇಕಲ ಕೋಟೆಯ ಬಾವಿಯಲ್ಲಿ ಒಬ್ಬ ಹುಡುಗನಿಗೆ ಹಳೆಯ ತಾಮ್ರದ ದೀಪ ಸಿಗುತ್ತದೆ. ಉಜ್ಜಿದಾಗ ಜಿನ್ನು ಬಂದು ಮೂರು ವರ ಕೊಡುತ್ತದೆ. ಕರಡು ಓದಿದ ಗೆಳೆಯ "ಇದು ಮುಂಡಾಸು ಕಟ್ಟಿದ ಗುಳಿಗ" ಎಂದು ನಕ್ಕ. ಜಿನ್ನು ಎಂದರೆ ನಿಜಕ್ಕೂ ಏನು? ನಮ್ಮ ಭೂತ, ಬ್ರಹ್ಮರಾಕ್ಷಸ, ಯಕ್ಷಿಗಳಿಗಿಂತ ಹೇಗೆ ಬೇರೆ? ಅದಕ್ಕೆ ಏನು ಸಾಧ್ಯ, ಏನು ಅಸಾಧ್ಯ? ಮುಸ್ಲಿಂ ಓದುಗರಿಗೆ ನೋವಾಗದಂತೆ ಬರೆಯುವುದು ಹೇಗೆ? (ಕುಂಬಳೆ ಸಮೀಪದ ಓದುಗರು)

ಉತ್ತರ: ನಿಮ್ಮ ಗೆಳೆಯರ ಮಾತಿನಲ್ಲಿ ನಮ್ಮ ತುಳುನಾಡಿನ ಭೂತವಾದ ಗುಳಿಗನಿಗೇ ಅನ್ಯಾಯವಾಗಿದೆ. ಗುಳಿಗನಿಗೆ ಒಂದು ಕಲ್ಲು ಇದೆ, ಹಸಿವು ಇದೆ, ಕೋಪಿಸಿಕೊಳ್ಳಲು ಕಾರಣ ಇದೆ. ನೀವು ಹೇಳಿದ ಜಿನ್ನಿಗೆ ಇವು ಯಾವುವೂ ಇಲ್ಲ. ಕರೆದರೆ ಬರುತ್ತದೆ, ಕೇಳಿದ್ದು ಕೊಡುತ್ತದೆ, ಹೋಗುತ್ತದೆ. ಇದನ್ನು ಸರಿಪಡಿಸಬೇಕಾದರೆ ಮೊದಲು ಒಂದು ವಿಷಯ ತಲೆಗೆ ಹೋಗಬೇಕು. ಜಿನ್ನು ಪ್ರೇತವಲ್ಲ, ದೇವರೂ ಅಲ್ಲ. ಅದು ಕಣ್ಣಿಗೆ ಕಾಣದ ಒಂದು ಜನ. ಮದುವೆ, ಮಕ್ಕಳು, ಊಟ, ಜಗಳ, ಮತ, ಸಾವು ಎಲ್ಲ ಇರುವ ನೆರೆಕರೆ. ಜಿನ್ನಿನ ಒಳ್ಳೆಯ ಕಥೆಗಳು ಹುಟ್ಟಿದ್ದು ಹೆಚ್ಚಾಗಿ ಗಡಿ ತಕರಾರಿನಿಂದ, ವರದಿಂದ ಹುಟ್ಟಿದ್ದು ಕಡಿಮೆ.

ಮೂಲ ಚೌಕಟ್ಟು ಕುರ್‌ಆನಿನಲ್ಲೇ ಇದೆ. 55ನೇ ಅಧ್ಯಾಯದ 15ನೇ ವಚನ ಜಿನ್ನನ್ನು ಹೊಗೆಯಿಲ್ಲದ ಜ್ವಾಲೆಯಿಂದ ಸೃಷ್ಟಿಸಿದ್ದಾಗಿ ಹೇಳುತ್ತದೆ. 15ನೇ ಅಧ್ಯಾಯದ 27ನೇ ವಚನದ ಪ್ರಕಾರ ಆ ಸೃಷ್ಟಿ ಮನುಷ್ಯನಿಗಿಂತ ಮೊದಲೇ ಆಯಿತು, ಸುಡುಗಾಳಿಯ ಬೆಂಕಿಯಿಂದ. 72ನೇ ಅಧ್ಯಾಯದ ಹೆಸರೇ ಅಲ್-ಜಿನ್ನ್, ಒಟ್ಟು 28 ವಚನ. ಅದರಲ್ಲಿ ಕುರ್‌ಆನ್ ಪಠಣ ಕೇಳಿ ಬೆರಗಾದ ಜಿನ್ನುಗಳ ಒಂದು ಗುಂಪು ತಮ್ಮವರಿಗೆ ವರದಿ ಒಪ್ಪಿಸುತ್ತದೆ. ನಮ್ಮಲ್ಲಿ ಒಳ್ಳೆಯವರೂ ಇದ್ದಾರೆ, ಅಲ್ಲದವರೂ ಇದ್ದಾರೆ, ನಾವು ಬೇರೆ ಬೇರೆ ದಾರಿಯವರು ಎಂದು ಅವೇ ಹೇಳಿಕೊಳ್ಳುತ್ತವೆ. ಹಾಗಾಗಿ ಜಿನ್ನೆಂದರೆ ಕೆಟ್ಟದ್ದೇ ಎಂದು ಬರೆಯುವುದೂ ತಪ್ಪು, ಜಿನ್ನೆಂದರೆ ಉಪಕಾರಿ ಎಂದು ಬರೆಯುವುದೂ ತಪ್ಪು. ಶೈತಾನರ ಮುಖಂಡ ಇಬ್ಲೀಸ್ ಜಿನ್ನುಗಳ ಸಾಲಿನವನೆಂದು 18ನೇ ಅಧ್ಯಾಯದ 50ನೇ ವಚನ ಹೇಳುತ್ತದೆ ನಿಜ. ಆದರೆ ಶೈತಾನರೆಂದರೆ ಜಿನ್ನುಗಳಲ್ಲಿ ಕೆಟ್ಟು ಹೋದವರು, ಇಡೀ ಜಿನ್ನುಕುಲವಲ್ಲ. ರಂಜಾನ್ ತಿಂಗಳಲ್ಲಿ ಸಂಕೋಲೆ ಬೀಳುವುದು ಶೈತಾನರಿಗೆ ಎಂದು ಹದೀಸ್, ಅಂದರೆ ಪ್ರವಾದಿಯವರ ನುಡಿ–ನಡೆಗಳ ದಾಖಲೆ, ಹೇಳುತ್ತದೆ. ಈಜಿಪ್ಟಿನ ಜನ ಮಾತ್ರ ಆ ತಿಂಗಳಿಡೀ ಎಲ್ಲ ಜಿನ್ನುಗಳಿಗೂ ಸೆರೆ ಎಂದೇ ನಂಬಿದ್ದರು. ನಿಮ್ಮ ಕಥೆಯಲ್ಲಿ ರಂಜಾನ್ ಬಂದರೆ ಈ ಎರಡರಲ್ಲಿ ಯಾವುದನ್ನು ಹಿಡಿಯುತ್ತೀರಿ ಎಂದು ಮೊದಲೇ ತೀರ್ಮಾನಿಸಿ.

ಬೆಂಕಿಯ ವಿಷಯದಲ್ಲಿ ಹೊಸ ಬರಹಗಾರರು ಎಡವುವುದು ಹೆಚ್ಚು. ಬೆಂಕಿಯಿಂದ ಹುಟ್ಟಿತು ಎಂದಾಕ್ಷಣ ಕಣ್ಣಲ್ಲಿ ಕೆಂಡ, ಕೈಯಲ್ಲಿ ಜ್ವಾಲೆ ಬರೆಯುತ್ತಾರೆ. ಮಣ್ಣಿನಿಂದಾದ ಮನುಷ್ಯ ಮಳೆಗೆ ಕರಗುವುದಿಲ್ಲವಲ್ಲ! ಈ ತರ್ಕ ಹಳೆಯ ವಿದ್ವಾಂಸರದ್ದೇ. ಹುಟ್ಟಿನ ದ್ರವ್ಯ ಬೇರೆ, ಈಗಿನ ಮೈ ಬೇರೆ.

ಇಸ್ಲಾಮಿಗೆ ಮೊದಲಿನ ಅರಬರಿಗೂ ಜಿನ್ನು ನೆರೆಕರೆಯೇ. ಒಳ್ಳೆಯ ಕವಿಯ ಬೆನ್ನಿಗೊಂದು ಜಿನ್ನು ಇರುತ್ತದೆ, ಅಬ್‌ಕರ್ ಎಂಬ ಕಣಿವೆ ಅವುಗಳ ಊರು ಎಂದು ನಂಬಿದ್ದರು. ರಾತ್ರಿ ಕಣಿವೆಯಲ್ಲಿ ತಂಗಬೇಕಾದ ಪ್ರಯಾಣಿಕ ಗಟ್ಟಿಯಾಗಿ, "ಈ ಕಣಿವೆಯ ಒಡೆಯನ ಆಶ್ರಯ ಬೇಡುತ್ತೇನೆ, ಅವನ ಕಡೆಯ ಪುಂಡರಿಂದ ಕಾಪಾಡಲಿ" ಎಂದು ಕೂಗುತ್ತಿದ್ದ. 72ನೇ ಅಧ್ಯಾಯದ 6ನೇ ವಚನ ಈ ಪದ್ಧತಿಯನ್ನೇ ಖಂಡಿಸುತ್ತದೆ. ಕಥೆಗಾರರಿಗೆ ಇಲ್ಲಿ ಸಿಗುವ ಎಳೆ ದೊಡ್ಡದು: ಪ್ರತಿ ಜಾಗಕ್ಕೂ ಒಬ್ಬ ಒಡೆಯ, ಆ ಒಡೆಯನಿಗೆ ತನ್ನ ಹುಡುಗರ ಮೇಲೆ ಅರ್ಧಂಬರ್ಧ ಹತೋಟಿ.

ಇನ್ನು ದೀಪ. ಅಲ್ಲಾದೀನನ ಕಥೆ ಸಾವಿರದೊಂದು ರಾತ್ರಿಗಳ ಹಳೆಯ ಅರಬ್ಬಿ ಹಸ್ತಪ್ರತಿಗಳಲ್ಲಿ ಇಲ್ಲ. ಫ್ರೆಂಚ್ ಅನುವಾದಕ ಆಂತ್ವಾನ್ ಗಲಾಂ 1709ರಲ್ಲಿ ಪ್ಯಾರಿಸಿನಲ್ಲಿ ಹನ್ನಾ ದಿಯಾಬ್ ಎಂಬ ಅಲೆಪ್ಪೊದ ಕ್ರೈಸ್ತ ತರುಣನಿಂದ ಅದನ್ನು ಕೇಳಿದರು. ಅಚ್ಚಾದದ್ದು 1712ರಲ್ಲಿ. ಕಥೆ ನಡೆಯುವುದು ಚೀನಾದಲ್ಲಿ. ದೀಪದ ಜಿನ್ನಲ್ಲದೆ ಉಂಗುರದ ಜಿನ್ನೂ ಒಂದಿದೆ. ವರಗಳಿಗೆ ಮೂರರ ಮಿತಿ ಇಲ್ಲ, ದೀಪ ಯಾರ ಕೈಯಲ್ಲಿದೆಯೋ ಅವರು ಎಷ್ಟು ಬೇಕಾದರೂ ಕೇಳಬಹುದು. ಜಿನ್ನು ದೀಪದೊಳಗೆ ಕುಳಿತೂ ಇಲ್ಲ, ದೀಪಕ್ಕೆ ಆಳು ಅಷ್ಟೆ. ಮಂಟಪದ ನಡುವೆ ರುಖ್ ಎಂಬ ದೈತ್ಯ ಹಕ್ಕಿಯ ಮೊಟ್ಟೆ ತೂಗುಹಾಕು ಎಂದಾಗ ಮಾತ್ರ ಅದು ಸಿಡಿದೇಳುತ್ತದೆ, ನನ್ನ ಒಡೆಯನನ್ನೇ ತಂದು ನೇತುಹಾಕಲು ಹೇಳುತ್ತೀಯಾ ಎಂದು. ಇಡೀ ಕಥೆಯಲ್ಲಿ ಆ ಜಿನ್ನಿಗೆ ಸ್ವಂತ ಮನಸ್ಸಿದೆ ಎಂದು ಕಾಣುವುದು ಆ ಒಂದು ಕಡೆ. ಕಾದಂಬರಿಕಾರರು ಹಿಡಿಯಬೇಕಾದದ್ದೂ ಅದನ್ನೇ.

ಸೀಸೆಯೊಳಗಿನ ಸೆರೆಯ ಕಥೆ ಬೇರೆ, ಅದು ಹಳೆಯದು. ಸಾವಿರದೊಂದು ರಾತ್ರಿಗಳ ಆ ಕಥೆಯಲ್ಲಿ ಒಬ್ಬ ಮೀನುಗಾರ ದಿನಕ್ಕೆ ನಾಲ್ಕೇ ಸಲ ಬಲೆ ಬೀಸುತ್ತಾನೆ. ಮೊದಲಿಗೆ ಸತ್ತ ಕತ್ತೆ, ಆಮೇಲೆ ಕೆಸರು ತುಂಬಿದ ಮಡಕೆ, ಮತ್ತೆ ಬೋಕಿ ಚೂರು, ನಾಲ್ಕನೆಯದಕ್ಕೆ ಸೀಸದಿಂದ ಬಾಯಿ ಮುಚ್ಚಿದ ತಾಮ್ರದ ಹೂಜಿ. ಮೇಲೆ ಜಿನ್ನುಗಳನ್ನು ಆಳಿದ ಪ್ರವಾದಿ ಸುಲೈಮಾನರ ಮುದ್ರೆ. ಒಳಗಿದ್ದ ಇಫ್ರೀತ್ ಎಂಬ ಬಲಿಷ್ಠ ಜಿನ್ನು ಮೊದಮೊದಲು ಬಿಡಿಸಿದವನಿಗೆ ಸಿರಿ ಕೊಡುತ್ತೇನೆ ಎಂದುಕೊಂಡಿತು, ಶತಮಾನ ಕಳೆದ ಮೇಲೆ ಭೂಮಿಯ ನಿಧಿಗಳನ್ನೇ ತೆರೆಯುತ್ತೇನೆ ಎಂದಿತು, ಕೆಲವು ಪಾಠಗಳಲ್ಲಿ ಮೂರು ಆಸೆ ಈಡೇರಿಸುತ್ತೇನೆ ಎಂದೂ ಅಂದುಕೊಂಡಿತು. ಯಾರೂ ಬರಲಿಲ್ಲ. ಕೊನೆಗೆ ಬಿಡಿಸಿದವನನ್ನು ಕೊಲ್ಲುವ ಶಪಥ ಮಾಡಿತು. ಹೇಗೆ ಸಾಯಬೇಕೆಂದು ಆರಿಸಿಕೊಳ್ಳುವ ಹಕ್ಕು ಮಾತ್ರ ಅವನಿಗೆ. ಮೂರು ಆಸೆಗಳ ಮಾತು ಬಂದ ಕಡೆಯಲ್ಲೂ ಅದು ಕೊಡದೇ ಹೋದ ವರ, ಗಮನಿಸಿ. ಮೂರೇ ವರ ಎಂಬ ಕಟ್ಟುನಿಟ್ಟು ಯುರೋಪಿನ ಜನಪದ ಕಥೆಗಳ ಸೊತ್ತು. ಅದನ್ನು ಜಿನ್ನಿನ ಕೊರಳಿಗೆ ಕಟ್ಟಿ ಜಗತ್ತಿಗೆಲ್ಲ ಹಂಚಿದ್ದು ಸಿನಿಮಾ, ಮುಖ್ಯವಾಗಿ ಬಗ್ದಾದಿನ ಕಳ್ಳನ ಮೇಲಿನ 1940ರ ಚಿತ್ರ ಮತ್ತು 1992ರ ಡಿಸ್ನಿ ಕಾರ್ಟೂನ್ ಚಿತ್ರ. ನೀಲಿ ಮೈಯೂ ಡಿಸ್ನಿಯದ್ದೇ.

ಹೂಜಿ ಬೇಕೇ ಬೇಕು ಅಂತಿದ್ದರೆ ಸಾವಿರದೊಂದು ರಾತ್ರಿಗಳ ಹಿತ್ತಾಳೆ ನಗರದ ಕಥೆಯಲ್ಲಿ ಇದಕ್ಕಿಂತ ಚೆಂದದ ಸಂಗತಿ ಇದೆ. ಖಲೀಫ ಅಬ್ದುಲ್ ಮಲಿಕ್ ಅಂಥ ಹೂಜಿಗಳನ್ನು ತರಲು ಮೂಸಾ ಬಿನ್ ನುಸೈರ್ ಎಂಬ ಸರದಾರನನ್ನು ಕಳಿಸುತ್ತಾನೆ. ಮುಚ್ಚಳ ತೆಗೆದಾಗ ಹೊರಬಂದ ಜಿನ್ನುಗಳು "ತಪ್ಪಾಯಿತು, ಓ ಅಲ್ಲಾಹನ ಪ್ರವಾದಿಯೇ" ಎಂದು ಗೋಗರೆಯುತ್ತವೆ. ಸುಲೈಮಾನರು ತೀರಿಹೋಗಿ ಒಂದೂವರೆ ಸಾವಿರ ವರ್ಷಕ್ಕೂ ಮೇಲಾಗಿದೆ ಎಂಬುದು ಅವಕ್ಕೆ ಗೊತ್ತೇ ಇಲ್ಲ. ನಿಮ್ಮ ಹುಡುಗನ ಮುಂದೆ ಮಂಡಿಯೂರಿ ಕ್ಷಮೆ ಕೇಳುವ, ಅವನನ್ನು ಬೇರೆ ಯಾರೋ ಎಂದು ತಿಳಿದ ಜಿನ್ನು ಬಂದರೆ ಮೊದಲ ಅಧ್ಯಾಯ ತಾನಾಗಿ ಎದ್ದು ನಿಲ್ಲುತ್ತದೆ.

ಭೂತಗಳ ಜೊತೆಗಿನ ಹೋಲಿಕೆಯಲ್ಲಿ ನೀವು ಜಾಗ್ರತೆಯಾಗಿರಬೇಕು. ಕಾಸರಗೋಡಿನವರಿಗೆ ಇದು ವರವೂ ಹೌದು, ಬಲೆಯೂ ಹೌದು. ಕೋಲ, ತೆಯ್ಯ ನೋಡಿ ಬೆಳೆದವರಿಗೆ ಅಗೋಚರದ ಬಗ್ಗೆ ಬರೆಯಲು ಭಾಷೆ ಸಿದ್ಧವಿರುತ್ತದೆ. ಆದರೆ ಕೈ ತಪ್ಪಿ ಜಿನ್ನಿಗೆ ಭೂತದ ನಿಯಮ ಬಂದುಬಿಡುತ್ತದೆ. ಭೂತಕ್ಕೆ ಸ್ಥಾನವಿದೆ, ಅದನ್ನು ಮೈಮೇಲೆ ಬರಿಸಿಕೊಳ್ಳುವ ಪಾತ್ರಿ ಇದ್ದಾನೆ, ನುಡಿ ಇದೆ, ತಂಬಿಲದ ಸೇವೆಯಿದೆ. ಶಿವಗಣದಿಂದ ಇಳಿದ ಭೂತಗಳಿವೆ. ಕಲ್ಕುಡ–ಕಲ್ಲುರ್ಟಿ, ಕೋಟಿ–ಚೆನ್ನಯರಂತೆ ಮನುಷ್ಯರಾಗಿ ಬಾಳಿ, ಅನ್ಯಾಯಕ್ಕೆ ಬಲಿಯಾಗಿಯೋ ಹೋರಾಡಿ ಮಡಿದೋ ದೈವವಾದವರೂ ಇದ್ದಾರೆ. ಜಿನ್ನು ಎಂದೂ ಮನುಷ್ಯನಾಗಿರಲಿಲ್ಲ. ಸತ್ತ ಮನುಷ್ಯ ಜಿನ್ನಾಗುವುದಿಲ್ಲ. ಅದಕ್ಕೆ ಪೂಜೆ, ಹರಕೆ ಸಲ್ಲಿಸುವುದು ಇಸ್ಲಾಮಿನಲ್ಲಿ ಮಹಾಪಾಪ. ಕನ್ನಡದ ಕಥೆಗಳಲ್ಲಿ ಕಾಣುವ, ಕೊಲೆಯಾದ ಸಾಯ್ಬರು ಜಿನ್ನಾಗಿ ಕಾಡುವ ಕಥಾವಸ್ತು ಬುಡದಲ್ಲೇ ತಪ್ಪು.

ಈ ವ್ಯತ್ಯಾಸ ನಮ್ಮ ನೆಲದ ಪರಂಪರೆಗೆ ಚೆನ್ನಾಗಿ ಗೊತ್ತಿದೆ. ನಿಮ್ಮೂರ ಹತ್ತಿರದ ಆರಿಕ್ಕಾಡಿಯಲ್ಲಿ ಆಲಿ ಭೂತ ಕಟ್ಟುತ್ತಾರಲ್ಲ, ಐತಿಹ್ಯದ ಆಲಿ ಮುಸ್ಲಿಂ ಮಂತ್ರವಾದಿ. ಸತ್ತ ಮೇಲೆ ಅವನು ಸೇರಿದ್ದು ಭೂತಗಳ ಸಾಲಿಗೆ, ಭೂತಗಳ ಕಟ್ಟಳೆಗೆ. ಬೊಬ್ಬರ್ಯನದೂ ಅದೇ ಜಾಡು. ಅವರನ್ನು ಯಾರೂ ಜಿನ್ನೆಂದು ಕರೆದಿಲ್ಲ.

ಬ್ರಹ್ಮರಾಕ್ಷಸ ಕೆಟ್ಟ ಬ್ರಾಹ್ಮಣನ ಮುಂದಿನ ಸ್ಥಿತಿ, ಆದ್ದರಿಂದ ಅವನೂ ದೂರದವನೇ. ಹಾಲೆ ಮರದ ಯಕ್ಷಿ ಒಂಟಿ ಬೇಟೆಗಾರ್ತಿ. ಇವರನ್ನೆಲ್ಲ ಬಿಟ್ಟು ಜಿನ್ನಿಗೆ ಹತ್ತಿರದ ನಂಟರು ಯಾರೆಂದರೆ ನಾಗಗಳು. ನೆಲದಡಿಯಲ್ಲಿ ಇಡೀ ಕುಲ, ಅರಸ, ವಂಶ, ಮನುಷ್ಯರೊಡನೆ ಮದುವೆಯ ಕಥೆಗಳು, ಜಾಗದ ಮೇಲೆ ಹಕ್ಕು. ಸಹೀಹ್ ಮುಸ್ಲಿಂ ಹದೀಸ್ ಸಂಗ್ರಹದಲ್ಲಿ ಒಂದು ಪ್ರಸಂಗವಿದೆ. ಮದೀನಾದಲ್ಲಿ ಕಂದಕ ಯುದ್ಧದ ಹೊತ್ತು. ಹೊಸದಾಗಿ ಮದುವೆಯಾದ ಒಬ್ಬ ತರುಣ ಅಪ್ಪಣೆ ಪಡೆದು ಮನೆಗೆ ಬರುತ್ತಾನೆ. ಹೆಂಡತಿ ಬಾಗಿಲಲ್ಲಿ ನಿಂತಿದ್ದಾಳೆ. ಒಳಗೆ ಹಾಸಿಗೆಯ ಮೇಲೆ ದೊಡ್ಡ ಹಾವು ಸುತ್ತಿಕೊಂಡು ಮಲಗಿದೆ. ಅವನು ಭರ್ಜಿಯಿಂದ ಚುಚ್ಚುತ್ತಾನೆ. ಹಾವೂ ಸತ್ತಿತು, ಅವನೂ ಸತ್ತ. ಯಾರು ಮೊದಲು ಸತ್ತರೆಂದು ತಿಳಿಯಲಿಲ್ಲ. ಆಮೇಲೆ ಪ್ರವಾದಿಯವರು ಹೇಳಿದ ನಿಯಮವೆಂದರೆ, ಮನೆಯಲ್ಲಿ ಹಾವು ಕಂಡರೆ ಮೂರು ದಿನ ಎಚ್ಚರಿಕೆ ಕೊಡಿ, ಹೋಗದಿದ್ದರೆ ಕೊಲ್ಲಿ, ಏಕೆಂದರೆ ಮದೀನಾದಲ್ಲಿ ಇಸ್ಲಾಂ ಒಪ್ಪಿದ ಜಿನ್ನುಗಳಿವೆ. ನಾಗಬನದ ಪಕ್ಕದ ಮನೆಯವರಿಗೆ ಇದರ ನಡುಕ ವಿವರಿಸಬೇಕಾಗಿಲ್ಲ. ನಾಗನಿಗೆ ತನು ಎರೆಯುತ್ತೇವೆ, ದೋಷ ಕಳೆಯಲು ಸರ್ಪಸಂಸ್ಕಾರ ಮಾಡಿಸುತ್ತೇವೆ. ಜಿನ್ನಿಗೆ ಹಾಲಿಲ್ಲ, ನೋಟೀಸು ಮಾತ್ರ.

ಜಿನ್ನಿನ ಶಕ್ತಿಗೆ ಮಿತಿ ಹಾಕುವಾಗ ಸುಲೈಮಾನರ ಪ್ರಸಂಗಗಳೇ ನಿಮಗೆ ಅಳತೆಗೋಲು. ಶೇಬಾದ ರಾಣಿಯ ಸಿಂಹಾಸನವನ್ನು ನೀವು ಕುಳಿತಲ್ಲಿಂದ ಏಳುವುದರೊಳಗೆ ತರುತ್ತೇನೆ ಎಂದು ಒಂದು ಇಫ್ರೀತ್ ಹೇಳುತ್ತದೆ (27ನೇ ಅಧ್ಯಾಯ, 39ನೇ ವಚನ). ವೇಗ, ಬಲ, ಕಟ್ಟಡ ಕಟ್ಟುವುದು, ಸಮುದ್ರದಲ್ಲಿ ಮುಳುಗಿ ಹುಡುಕುವುದು ಎಲ್ಲ ಅವುಗಳ ಕೈವಶ. ಆದರೆ 34ನೇ ಅಧ್ಯಾಯದ 14ನೇ ವಚನ ನೋಡಿ. ಸುಲೈಮಾನರು ಊರುಗೋಲಿಗೆ ಒರಗಿಕೊಂಡೇ ತೀರಿಹೋಗಿದ್ದಾರೆ. ಅವರು ನೋಡುತ್ತಿದ್ದಾರೆಂದು ಜಿನ್ನುಗಳು ಬೆವರು ಸುರಿಸಿ ದುಡಿಯುತ್ತಲೇ ಇವೆ. ಹುಳು ಕೋಲನ್ನು ತಿಂದು, ದೇಹ ಕೆಳಗೆ ಬಿದ್ದ ಮೇಲೆಯೇ ಅವಕ್ಕೆ ತಿಳಿದದ್ದು. ಜಿನ್ನಿಗೆ ಅಗೋಚರದ ಜ್ಞಾನವಿಲ್ಲ, ಭವಿಷ್ಯ ತಿಳಿಯದು. ನಿಮ್ಮ ಜಿನ್ನು ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯನ್ನು ಬೀರುವಿನಿಂದ ಕದ್ದು ತರಬಹುದು. ಯಾವ ಪ್ರಶ್ನೆ ಬರುತ್ತದೆಂದು ಮುಂಚಿತವಾಗಿ ಹೇಳಲಾರದು. ಈ ಗೆರೆ ದಾಟಿದ ತಕ್ಷಣ ಕಥೆಯಲ್ಲಿ ಆತಂಕ ಉಳಿಯುವುದಿಲ್ಲ, ತಿಳಿದ ಓದುಗ ಪುಸ್ತಕ ಮುಚ್ಚುತ್ತಾನೆ.

ಹಾಗಾದರೆ ಕಣಿ ಹೇಳುವವರಿಗೆ ಜಿನ್ನಿನ ಸುದ್ದಿ ಹೇಗೆ ಸಿಗುತ್ತದೆ? ಆಕಾಶದ ಮಾತನ್ನು ಕದ್ದು ಕೇಳಲು ಏರುವ ಜಿನ್ನುಗಳಿಗೆ ಉಲ್ಕೆಗಳ ಏಟು ಬೀಳುತ್ತದೆ. ಏಟು ಬೀಳುವ ಮೊದಲು ಒಂದು ತುಣುಕು ಕಿವಿಗೆ ಬಿದ್ದರೆ ಅದನ್ನು ಕೆಳಗಿನವನಿಗೆ ದಾಟಿಸುತ್ತವೆ. ಕಣಿಯವನು ಆ ಒಂದು ನಿಜಕ್ಕೆ ನೂರು ಸುಳ್ಳು ಬೆರೆಸುತ್ತಾನೆ ಎಂದು ಹದೀಸ್ ಹೇಳುತ್ತದೆ. ನಿಜ ಒಂದೇ ಇದ್ದು, ಅದು ಯಾವುದೆಂದು ಹೀರೋಗೆ ಗೊತ್ತಿಲ್ಲದಿದ್ದರೆ ಅದಕ್ಕಿಂತ ಒಳ್ಳೆಯ ತಿರುವು ಬೇಕೇ?

ಸತ್ತ ಅಜ್ಜ ಮಾತಾಡಿದಂತೆ ಆಗಬೇಕು, ಆದರೆ ಜಿನ್ನಿನ ಕಟ್ಟಳೆ ಮುರಿಯಬಾರದು ಎಂದಾದರೆ ಅದಕ್ಕೂ ದಾರಿ ಇದೆ. ಪ್ರತಿ ಮನುಷ್ಯನಿಗೂ ಒಂದು ಜಿನ್ನು ಜೊತೆಗಿರುತ್ತದೆ, ಅದಕ್ಕೆ ಕರೀನ್ ಎನ್ನುತ್ತಾರೆ. ಮನುಷ್ಯ ಸತ್ತರೂ ಅವನ ಕರೀನ್‌ಗೆ ಅವನ ದನಿ, ಗುಟ್ಟು, ಸಾಲ ಎಲ್ಲ ನೆನಪಿರುತ್ತದೆ. ಪ್ರೇತ ಬಂದು ಮಾತಾಡಿತು ಎನ್ನುವ ಘಟನೆಗಳನ್ನು ಎಷ್ಟೋ ಉಸ್ತಾದರು ಹೀಗೇ ವಿವರಿಸುತ್ತಾರೆ. ಮನೆಯ ಒಂದು ಕಡೆಯವರು ಅಜ್ಜನೇ ಬಂದರು ಎನ್ನಲಿ, ಇನ್ನೊಂದು ಕಡೆಯವರು ಇದು ಅವರ ಕರೀನ್ ಎನ್ನಲಿ. ನೀವು ತೀರ್ಪು ಕೊಡಬೇಡಿ.

ವೇಷದ ಮಾತು. ಹಾವು, ಕಪ್ಪು ನಾಯಿ, ಸುಳಿಗಾಳಿ, ಅಪರಿಚಿತ ದಾರಿಹೋಕ ಇವು ಮಾಮೂಲು ರೂಪಗಳು. ನಮ್ಮ ಮೋಹಿನಿಯ ಪಾದ ಹಿಂದುಮುಂದಾಗಿರುವಂತೆ ಮರುಭೂಮಿಯ ಗೂಲ್ ಎಂಬ ದುಷ್ಟ ಜಿನ್ನು ಯಾವ ವೇಷ ಹಾಕಿದರೂ ಕಾಲು ಮಾತ್ರ ಕತ್ತೆಯದ್ದೇ. ಗೂಲನ್ನು ಕೊಲ್ಲುವ ಕ್ರಮ 9ನೇ ಶತಮಾನದ ಅಲ್-ಜಾಹಿಝನ ಪ್ರಾಣಿಗ್ರಂಥದಲ್ಲೂ ಬರುತ್ತದೆ. ಒಂದೇ ಏಟಿಗೆ ಸಾಯುತ್ತದೆ, ಎರಡನೆಯ ಏಟು ಬಿದ್ದರೆ ಮತ್ತೆ ಏಳುತ್ತದೆ. ಅದಕ್ಕೇ ಅದು ಬಿದ್ದಲ್ಲಿಂದ "ಇನ್ನೊಂದು ಹೊಡಿ, ನೋವು ತಾಳಲಾರೆ" ಎಂದು ಅಂಗಲಾಚುತ್ತದೆ. ಕರುಣೆ ತೋರಿಸಿದವನು ಕೆಟ್ಟ.

ಆಹಾರವೂ ಗೊತ್ತಿರಬೇಕು. ದೇವರ ಹೆಸರು ಹೇಳಿ ಕೊಯ್ದ ಪ್ರಾಣಿಯ ಎಲುಬು ಜಿನ್ನುಗಳ ಕೈಗೆ ಬಂದಾಗ ಮತ್ತೆ ಮಾಂಸ ತುಂಬಿಕೊಳ್ಳುತ್ತದೆ, ಸೆಗಣಿ ಅವುಗಳ ದನಕರುಗಳಿಗೆ ಮೇವು. ಆದ್ದರಿಂದಲೇ ಎಲುಬಿನಿಂದ ಶೌಚ ಮಾಡಿಕೊಳ್ಳಬಾರದೆಂಬ ನಿಷೇಧ. ಇದನ್ನು ತಂದು ಉಪ್ಪಳದ ಒಂದು ಮದುವೆ ಮನೆಯ ಹಿತ್ತಲಿಗೆ ಇಳಿಸಿ. ಮುಂದೆ ಚಪ್ಪರದ ಕೆಳಗೆ ಬಿರಿಯಾನಿಯ ಕೊನೆಯ ಪಂಕ್ತಿ ಏಳುತ್ತಿದೆ, ಹಿಂದೆ ಎಲುಬಿನ ರಾಶಿ. ಬೀದಿನಾಯಿಗಳು ದೂರದಲ್ಲಿ ಸಾಲಾಗಿ ಕುಳಿತಿವೆ, ಒಂದೂ ಹತ್ತಿರ ಬರುತ್ತಿಲ್ಲ. ಅಲ್ಲಿ ಇನ್ನೊಂದು ಪಂಕ್ತಿ ನಡೆಯುತ್ತಿದೆ ಎಂದು ನೀವು ಬರೆಯಲೇಬೇಕಾಗಿಲ್ಲ.

ಜಾಗದ ಆಯ್ಕೆಗೆ ಬರೋಣ. ಬೇಕಲ ಬೇಡ ಎನ್ನುವುದು ನನ್ನ ಅಭಿಪ್ರಾಯ. ಇಕ್ಕೇರಿ ನಾಯಕರ ಕಾಲದ ಕೋಟೆ, ಬಾಗಿಲಲ್ಲಿ ಮುಖ್ಯಪ್ರಾಣ, ಹತ್ತಿರದಲ್ಲೇ ಹಳೆಯ ಮಸೀದಿ, ದಿನವಿಡೀ ಟಿಕೆಟ್ ಪಡೆದ ಪ್ರವಾಸಿಗರು, ಸೆಲ್ಫಿ. ಜಿನ್ನು ಇಷ್ಟಪಡುವುದು ಪಾಳು ಮನೆ, ಬಾವಿ, ಬಚ್ಚಲು, ಸ್ಮಶಾನ, ಹೊಸ್ತಿಲು, ಬಿಸಿಲು–ನೆರಳು ಕೂಡುವ ಗೆರೆ. ಇವೆಲ್ಲ ನಡುವಿನ ಜಾಗಗಳು. ಕಾಸರಗೋಡಿನಲ್ಲಿ ಅಂಥದ್ದಕ್ಕೆ ಬಡತನವಿಲ್ಲ. ಕಲ್ಲು ಕಡಿದು ಬಿಟ್ಟ ಮುರಕಲ್ಲಿನ ಕೋರೆಗಳಿವೆ. ಅದಕ್ಕಿಂತ ಮಿಗಿಲಾಗಿ ಬಾಯಾರು, ಪಡ್ರೆ ಕಡೆಯ ಸುರಂಗಗಳಿವೆ. ನೀರಿಗಾಗಿ ಗುಡ್ಡದ ಬದಿಯಿಂದ ಅಡ್ಡಕ್ಕೆ ಕೊರೆದ, ಒಬ್ಬ ಆಳು ಹೋಗುವಷ್ಟೇ ಅಗಲದ ಸುರಂಗಗಳು. ಪರ್ಷಿಯಾದ ಕನಾತ್ ಎಂಬ ನೆಲದಡಿಯ ನೀರುಗಾಲುವೆಗಳಿಗೂ ಇವಕ್ಕೂ ನಂಟಿರಬಹುದೆಂಬ ಊಹೆ ಹಳೆಯದು. ಅರಬ್ಬೀ ಕಡಲಾಚೆಯ ಜೀವಿಯನ್ನು ಇಲ್ಲಿ ಇರಿಸಲು ಅಷ್ಟು ನೆಪ ಸಾಕು.

ಸುರಂಗ ಕೊರೆಯುವವನು ಪಿಕ್ಕಾಸಿನ ಜೊತೆ ಮೇಣದಬತ್ತಿಯನ್ನೂ ಒಯ್ಯುತ್ತಾನೆ. ಬೆಳಕಿಗೂ ಹೌದು, ಗಾಳಿಯ ಪರೀಕ್ಷೆಗೂ ಹೌದು. ಬತ್ತಿ ಮಂಕಾದರೆ ಹಿಂದೆ ಬರಬೇಕು. ಬತ್ತಿ ಇಡುತ್ತ ಹೋದಂತೆ ತಲೆಯ ಮೇಲಿನ ಕಲ್ಲಿಗೆ ಮಸಿ ಹಿಡಿಯುತ್ತ ಹೋಗುತ್ತದೆ. ನಿಮ್ಮ ಹುಡುಗ ಮಾವನ ಹಿಂದೆ ಬಾಗಿಕೊಂಡು ಒಳಗೆ ಹೋಗಲಿ. ಐವತ್ತು ಕೋಲು ದಾಟಿದ ಮೇಲೆ ಗಾಳಿ ಭಾರವಾಗಬೇಕು, ಬತ್ತಿ ಸಣ್ಣದಾಗಬೇಕು. ಅಲ್ಲಿಯೇ ಅದು ನೆಟ್ಟಗೆ ನಿಂತು ಉರಿಯುತ್ತಿದೆ. ಮೇಲೆ ನೋಡಿದರೆ ಮಸಿ ಒಂದು ಗೆರೆಯಲ್ಲಿ ನಿಂತುಬಿಟ್ಟಿದೆ, ಅದರಾಚೆಗಿನ ಕಲ್ಲು ನಿನ್ನೆ ಕಡಿದಷ್ಟು ಕೆಂಪು. ಹೊಗೆಯಿಲ್ಲದ ಬೆಂಕಿಯನ್ನು ತೋರಿಸಲು ಇಷ್ಟು ಸಾಕು. ಗುಡುಗು, ನೀಲಿ ಹೊಗೆ, ಅಟ್ಟಹಾಸ ಯಾವುದೂ ಬೇಡ.

ಅಪ್ಪಣೆ ಕೇಳುವ ರೂಢಿಯನ್ನು ಕಥೆಯ ಬೆನ್ನೆಲುಬು ಮಾಡಿಕೊಳ್ಳಿ. 19ನೇ ಶತಮಾನದ ಕೈರೋದಲ್ಲಿ ಬಾವಿಗೆ ಕೊಡ ಇಳಿಸುವ, ನೆಲಕ್ಕೆ ನೀರು ಚೆಲ್ಲುವ, ಪಾಯಿಖಾನೆಗೆ ಕಾಲಿಡುವ ಮೊದಲು ಜನ "ದಸ್ತೂರ್" ಎನ್ನುತ್ತಿದ್ದರೆಂದು ಇಂಗ್ಲಿಷ್ ವಿದ್ವಾಂಸ ಎಡ್ವರ್ಡ್ ಲೇನ್ ದಾಖಲಿಸಿದ್ದಾರೆ. ದಾರಿ ಬಿಡಿ, ಅಪ್ಪಣೆ ಕೊಡಿ ಎಂಬ ಅರ್ಥ. ಸುಳಿಗಾಳಿ ಎದ್ದರೆ ಕಬ್ಬಿಣದ ಹೆಸರು ಹಿಡಿದು ಕೂಗುವುದೂ ಅಲ್ಲಿನ ರೂಢಿ, ಜಿನ್ನಿಗೆ ಕಬ್ಬಿಣ ಅಂಜಿಕೆ. ಬಿಸ್ಮಿಲ್ಲಾ ಹೇಳದೆ ಬಚ್ಚಲಿಗೆ ಕುದಿನೀರು ಸುರಿಯುವುದು ಹಲವು ನಾಡುಗಳಲ್ಲಿ ಅಪಾಯಕಾರಿ ಕೆಲಸ. ಅಲ್ಲಿ ಯಾರದೋ ಮಗು ಮಲಗಿರಬಹುದು. ನಮ್ಮಲ್ಲಿ ಮುಸ್ಸಂಜೆಯ ಮಗ್ರಿಬ್ ಬಾಂಗ್ ಆಗುತ್ತಿದ್ದಂತೆ ಮಕ್ಕಳನ್ನು ಒಳಗೆ ಕರೆಯುವುದರ ಹಿಂದೆಯೂ ಹದೀಸ್ ಇದೆ. ಕತ್ತಲೆ ಇಳಿಯುವಾಗ ಮಕ್ಕಳನ್ನು ತಡೆದಿಡಿ, ಸ್ವಲ್ಪ ಹೊತ್ತು ಕಳೆದ ಮೇಲೆ ಬಿಡಬಹುದು, ಬಾಗಿಲು ಹಾಕಿ, ಪಾತ್ರೆ ಮುಚ್ಚಿ. ಆ ಸ್ವಲ್ಪ ಹೊತ್ತೇ ನಿಮ್ಮ ಕಥೆಯ ಸಮಯ. ನಡುರಾತ್ರಿ ಹನ್ನೆರಡರ ಚಾಳಿ ಬಿಟ್ಟುಬಿಡಿ.

ಮೈಮೇಲೆ ಬರುವ ದೃಶ್ಯ ಬರೆಯುವುದಾದರೆ ಅದು ಒಂದು ವಿಚಾರಣೆ ಎಂಬುದು ನೆನಪಿರಲಿ. 1328ರಲ್ಲಿ ತೀರಿಕೊಂಡ ಧರ್ಮಪಂಡಿತ ಇಬ್ನ್ ತೈಮಿಯ್ಯ ಜಿನ್ನು ಮನುಷ್ಯನನ್ನು ಹಿಡಿಯಲು ಮೂರು ಕಾರಣ ಕೊಡುತ್ತಾರೆ: ಮೋಹ, ಸೇಡು, ಬರಿಯ ತುಂಟತನ. ಸೇಡಾದರೆ ವಾದ ಹೂಡಬಹುದು. ಈ ಮನುಷ್ಯ ತಿಳಿಯದೆ ನೀರು ಚೆಲ್ಲಿದ, ತಿಳಿಯದೆ ಮಾಡಿದ್ದಕ್ಕೆ ಶಿಕ್ಷೆ ಇಲ್ಲ. ಘಟನೆ ನಡೆದದ್ದು ಅವನದೇ ಮನೆಯಲ್ಲಾದರೆ, ಇದು ಅವನ ಸೊತ್ತು, ಅವನ ಒಪ್ಪಿಗೆಯಿಲ್ಲದೆ ನಿನಗೆ ಇಲ್ಲಿ ಇರುವ ಹಕ್ಕಿಲ್ಲ. ವಕೀಲರ ಭಾಷೆಯಲ್ಲವೇ? ಇದರ ಮುಂದೆ ಸಿನಿಮಾದ ಕಿರುಚಾಟ ಸಪ್ಪೆ. ಆದರೆ ಒಂದು ಎಚ್ಚರಿಕೆ. ಕಾಸರಗೋಡಿನ ಸುನ್ನಿಗಳು ಹೆಚ್ಚಿನವರು ಶಾಫಿ ಪಂಥದವರು, ಅವರಿಗೂ ಇಬ್ನ್ ತೈಮಿಯ್ಯರಿಗೂ ಅಷ್ಟಕ್ಕಷ್ಟೆ. ನಿಮ್ಮ ಮುಸ್ಲಿಯಾರ್ (ಊರಿನ ಮತಪಂಡಿತ) ಪಾತ್ರದ ಬಾಯಲ್ಲಿ ಅವರ ಹೆಸರು ಬಂದರೆ ಊರಿನ ಓದುಗ ನಗುತ್ತಾನೆ. ತರ್ಕ ಬಳಸಿ, ಹೆಸರು ಬಿಡಿ.

ಊರ ಕ್ರಮದಲ್ಲಿ ಫಾತಿಹಾ, ಆಯತುಲ್ ಕುರ್ಸಿ, ಕೊನೆಯ ಮೂರು ಸೂರಾಗಳನ್ನು ಓದಿ ನೀರಿಗೆ ಊದುತ್ತಾರೆ. ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಕೇಸರಿ ಶಾಯಿಯಲ್ಲಿ ವಚನ ಬರೆದು, ತೊಳೆದ ನೀರನ್ನು ಕುಡಿಸುವುದುಂಟು. ಬರೆದ ಕಾಗದವನ್ನು ಏಲಸ್ಸು ಎಂಬ ತಾಯಿತದೊಳಗೆ ಸುತ್ತಿ ಕಪ್ಪು ನೂಲಿನಲ್ಲಿ ಕಟ್ಟುವುದುಂಟು. ಇಂಥ ರೂಢಿಗಳನ್ನು ವಿರೋಧಿಸುವ ಸುಧಾರಣಾವಾದಿ ಸಲಫಿಗಳಿಗೆ ಏಲಸ್ಸು ಒಪ್ಪಿಗೆಯಿಲ್ಲ. ಜಿನ್ನಿನ ನೆರವು ಕೇಳಬಹುದೇ ಎಂಬ ಪ್ರಶ್ನೆಯೇ ಕೇರಳದ ಸಲಫಿ ವಲಯದಲ್ಲಿ ದೊಡ್ಡ ಜಗಳವಾಗಿದೆ. ಆದ್ದರಿಂದ "ಮುಸ್ಲಿಮರು ಹೀಗೆ ನಂಬುತ್ತಾರೆ" ಎಂಬ ವಾಕ್ಯವನ್ನು ಇಡೀ ಕಾದಂಬರಿಯಲ್ಲಿ ಎಲ್ಲೂ ಬರೆಯಬೇಡಿ. ಒಂದೇ ಮನೆಯಲ್ಲಿ ಉಮ್ಮ ಏಲಸ್ಸು ಕಟ್ಟಲಿ, ಗಲ್ಫಿನಿಂದ ಬಂದ ಮಗ ಬಿಚ್ಚಲಿ.

ಮತ್ತೊಂದು, ಇದರಲ್ಲಿ ರಾಜಿ ಇಲ್ಲ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವ ದೃಶ್ಯವನ್ನು ರೋಮಾಂಚನಕ್ಕಾಗಿ ಬಳಸಬೇಡಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಆಸುಪಾಸಿನ ಒಂದು ಖಾಸಗಿ ಆಶ್ರಯದಲ್ಲಿ ಬೆಂಕಿ ಬಿದ್ದಾಗ ಕಟ್ಟಿಹಾಕಿದ್ದ 28 ಮಾನಸಿಕ ರೋಗಿಗಳು ಓಡಲಾಗದೆ ಸತ್ತರು. ನಿಮ್ಮ ಓದುಗರು ಹದಿಹರೆಯದವರು. ಪಾತ್ರಕ್ಕೆ ದನಿಗಳು ಕೇಳಿಸುತ್ತಿದ್ದರೆ, ಓದಿ ಊದುವ ಉಸ್ತಾದರೇ "ಡಾಕ್ಟರಿಗೂ ತೋರಿಸಿ" ಎನ್ನಲಿ. ಹಾಗೆ ಹೇಳುವ ಉಸ್ತಾದರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಆಧುನಿಕ ಫ್ಯಾಂಟಸಿಯಿಂದ ಎರವಲು ತರುವಾಗ ಜೋಪಾನ. ಇಫ್ರೀತ್ ಬೆಂಕಿಯದ್ದು, ಮಾರಿದ್ ನೀರಿನದ್ದು, ಜಿನ್ನಿ ಗಾಳಿಯದ್ದು, ದಾವೊ ಮಣ್ಣಿನದ್ದು ಎಂಬ ವಿಂಗಡಣೆಯನ್ನು ಬಹಳ ಮಂದಿ ಅರಬ್ಬೀ ಶಾಸ್ತ್ರವೆಂದು ತಿಳಿದಿದ್ದಾರೆ. ಅದು 1974ರಲ್ಲಿ ಶುರುವಾದ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಕೊಡುಗೆ. ಹಳೆಯ ಕಥೆಗಳಲ್ಲಿ ಇಫ್ರೀತ್, ಮಾರಿದ್ ಎಂಬವು ಸಾಮಾನ್ಯವಾಗಿ ಬಲ, ಹಟಗಳನ್ನು ಸೂಚಿಸುವ ಹೆಸರುಗಳು. ಇತ್ತೀಚಿನ ಇಂಗ್ಲಿಷ್ ಕಾದಂಬರಿಗಳು ಜಿನ್ನುಗಳಿಗೆ ನಗರ, ರಾಜಕೀಯ, ಗುಲಾಮಗಿರಿಯ ನೆನಪು ಕೊಟ್ಟು ದಾರಿ ತೆರೆದಿವೆ. ಆ ದಾರಿ ಹಿಡಿಯಿರಿ, ಅವರ ನಗರಗಳನ್ನು ನಕಲು ಮಾಡಬೇಡಿ.

ಪ್ರೇಮಕಥೆಯ ಯೋಚನೆ ಇದ್ದರೆ 14ನೇ ಶತಮಾನದ ನ್ಯಾಯಾಧೀಶ ಬದ್ರುದ್ದೀನ್ ಶಿಬ್ಲಿ ಜಿನ್ನುಗಳ ಕುರಿತ ಕಾನೂನಿಗಾಗಿಯೇ ಒಂದು ಗ್ರಂಥ ಬರೆದಿದ್ದಾರೆ. ಮನುಷ್ಯ–ಜಿನ್ನು ಮದುವೆಯ ಚರ್ಚೆಯೂ ಅದರಲ್ಲಿದೆ. ಈ ವಿಷಯದಲ್ಲಿ ಇಮಾಮ್ ಮಾಲಿಕ್ ಹೇಳಿದರೆಂದು ದಾಖಲಾಗಿರುವ ಆಕ್ಷೇಪ ಬಲು ಲೌಕಿಕವಾದದ್ದು: ಬಸುರಿಯೊಬ್ಬಳನ್ನು ಗಂಡ ಯಾರೆಂದು ಕೇಳಿದಾಗ ಜಿನ್ನು ಎಂದರೆ ಊರಿನ ಗತಿಯೇನು?

ಕೊನೆಯದಾಗಿ ನಿಮ್ಮ ಜಿನ್ನು ಎಲ್ಲಿಯದು ಎಂಬ ಪ್ರಶ್ನೆ. ಪಠಣ ಕೇಳಿದ ಜಿನ್ನುಗಳು ಈಗಿನ ಟರ್ಕಿಯ ಗಡಿಯಲ್ಲಿರುವ ನಸೀಬೀನ್ ಕಡೆಯವೆಂಬ ಪರಂಪರೆ ಇದೆ. ಅಲ್ಲಿಂದ ಒಂದು ಹಡಗು ಹತ್ತಿಸಿ ಕಾಸರಗೋಡಿನ ತಳಂಗರೆಯಲ್ಲಿ ಇಳಿಸಬಹುದು. ಅದು ಸುಲಭದ ದಾರಿ. ಮನುಷ್ಯನಿಗಿಂತ ಮೊದಲೇ ಹುಟ್ಟಿದವು ಎಂದ ಮೇಲೆ ಅವು ಅರಬ್ಬೀ ನಾಡಿನಲ್ಲೇ ಇದ್ದವು ಎಂದು ಯಾಕೆ ಹಿಡಿಯಬೇಕು? ಪಡ್ರೆಯ ಗುಡ್ಡದಲ್ಲಿ ಸುರಂಗ ಕೊರೆಯುವ ಮೊದಲೇ ಇದ್ದ ಒಂದು ಮನೆತನ ಎಂದಿಟ್ಟುಕೊಳ್ಳಿ. ಅಜ್ಜಿ ಯಾವ ಮತಕ್ಕೂ ಸೇರದವಳು, ಮಗ ತಳಂಗರೆಯ ಬಾಂಗ್ ಕೇಳಿ ಮುಸ್ಲಿಮನಾದವನು, ಮೊಮ್ಮಗಳಿಗೆ ಕುಂಬಳೆಯ ಯಕ್ಷಗಾನದ ಹುಚ್ಚು. ತುಳು, ಬ್ಯಾರಿ, ಕನ್ನಡ, ಮಲಯಾಳ ಎಲ್ಲವೂ ಅವರಿಗೆ ಬರುತ್ತದೆ, ಇಷ್ಟು ವರ್ಷ ನಮ್ಮ ಮಾತು ಕೇಳಿಸಿಕೊಂಡು ಕುಳಿತವರಲ್ಲವೇ. ಹೆಸರಿಡುವಾಗ ಮೈಮೂನ್, ಶಮ್‌ಹೂರಿಶ್, ಬುರ್ಕಾನ್ ಮುಂತಾದ ಏಳು ಜಿನ್ನುರಾಜರ ಹೆಸರುಗಳನ್ನು ಮುಟ್ಟಬೇಡಿ. ಅವು ಯಂತ್ರ ಬರೆಯುವ ಪುಸ್ತಕಗಳಲ್ಲಿ ಚಲಾವಣೆಯಲ್ಲಿವೆ, ಕೆಲವರಿಗೆ ಅವನ್ನು ಉಚ್ಚರಿಸುವುದೇ ಕಸಿವಿಸಿ. ಅಜ್ಜಿಗೆ ಊರಿನವರು ಇಟ್ಟ ಅಡ್ಡಹೆಸರೊಂದು ಸಾಕು. ಅವಳ ಸ್ವಂತ ಹೆಸರನ್ನು ಹುಡುಗ ಕೇಳಲಿ, ಅವಳು ಹೇಳದಿರಲಿ.